ಹೊಲಿಗೆಯಲ್ಲಿ ತಪ್ಪಿದ ಹದಿನಾರು ಪುಟ

ಪ್ರಿಯ ಗೆಳೆಯ,

ಬರೆಯುವುದನ್ನು ಬದಿಗಿಟ್ಟು, 72ರ ವಯಸ್ಸಿನಲ್ಲಿ ದಬ್ಬಳ, ದಾರ, ಅಂಟು ಹಿಡಿದು ಹಳೆಯ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತ ಕುಳಿತಿರುವುದೇಕೆ ಎಂದು ಹಿಂದಿನ ಪತ್ರದಲ್ಲಿ ನೀನು ಕೇಳಿದ್ದೆ. ಕೈಗೊಂದು ಕೆಲಸ ಬೇಕಿತ್ತು ಎಂದು ಆಗಲೇ ಬರೆದುಬಿಡಬಹುದಿತ್ತು. ಆದರೆ ಕಳೆದ ತಿಂಗಳು ನಡೆದ ಒಂದು ಪ್ರಮಾದದಿಂದಾಗಿ ಆ ಉತ್ತರ ಸಾಲದೆನಿಸಿದೆ.

ನನ್ನ ಮೊದಲ ಕಾದಂಬರಿಯ ಒಂದೇ ಒಂದು ಪ್ರತಿ ನನ್ನ ಬಳಿ ಉಳಿದಿತ್ತು. ಅದರ ಬೆನ್ನು ಕಿತ್ತುಬಂದು, ದಾರ ಪುಡಿಯಾಗಿತ್ತು. ಪುಸ್ತಕದ ಹಾಳೆಗಳು ಬಿಡಿಬಿಡಿಯಾಗಿ ಹುಟ್ಟುವುದಿಲ್ಲವೆಂಬುದು ಬೈಂಡಿಂಗ್ ಕಲಿಯುವವರೆಗೆ ನನಗೂ ಸರಿಯಾಗಿ ತಿಳಿದಿರಲಿಲ್ಲ. ದೊಡ್ಡದೊಂದು ಹಾಳೆಯ ಎರಡೂ ಬದಿಗೆ ಹದಿನಾರು ಪುಟಗಳು ಅಚ್ಚಾಗಿ, ಆ ಹಾಳೆಯನ್ನು ಮೂರು ಸಲ ಮಡಿಸಿದಾಗ ಒಂದು ಫಾರಂ ಆಗುತ್ತದೆ. ಅಂಥ ಫಾರಂಗಳನ್ನು ಒಂದರ ಮೇಲೊಂದಿಟ್ಟು, ಮಡಿಕೆಯ ನಡುವೆ ತೂತು ಮಾಡಿ, ಜೇನುಮೇಣ ಉಜ್ಜಿದ ದಾರದಿಂದ ಹೊಲಿಯಬೇಕು. ಮೇಣವಿಲ್ಲದ ದಾರ ಗಂಟಾಗುತ್ತದೆ. ಕಾಗದಕ್ಕೂ ಮರದಂತೆ ನಾರಿನ ದಿಕ್ಕೊಂದಿದೆ. ಒಂದು ಚೂರನ್ನು ಹರಿದು ನೋಡು: ನಾರಿನ ಗುಂಟ ಹರಿದರೆ ನೇರವಾಗಿ ಸಾಗುತ್ತದೆ, ಅಡ್ಡ ಹರಿದರೆ ಹಲ್ಲುಹಲ್ಲಾಗುತ್ತದೆ. ಈ ದಿಕ್ಕನ್ನು ಲೆಕ್ಕಿಸದೆ ರಟ್ಟಿಗೆ ಕಾಗದ ಅಂಟಿಸಿದ ನನ್ನ ಮೊದಲ ಎರಡು ಪುಸ್ತಕಗಳು ಈಗಲೂ ಹಪ್ಪಳದಂತೆ ಸೊಟ್ಟಗಿವೆ.

ಕಾದಂಬರಿಯನ್ನು ಹೊಲಿದು, ರಟ್ಟು ಕಟ್ಟಿ, ಭಾರ ಹೇರಿಟ್ಟು, ಎರಡು ದಿನಗಳ ಬಳಿಕ ಓದಲು ಕುಳಿತೆ. ಕಣ್ಣು ಹಿಂದಿನಂತಿಲ್ಲವಾದ್ದರಿಂದ ಈಗ ನನ್ನ ಓದು ನಿಧಾನ. ಮೇಲಾಗಿ ಮೆಲುದನಿಯಲ್ಲಿ ಬಾಯಿಬಿಟ್ಟು ಓದುವ ಅಭ್ಯಾಸ ಬಂದಿದೆ. ಒಂದೇ ಪುಟದಲ್ಲಿ ‘ಮೌನ’ ಎಂಬ ಪದವನ್ನು ಮೂರು ಸಲ ಬಳಸಿದ್ದೇನೆಂದು ಅಷ್ಟು ವರ್ಷ ಕಣ್ಣು ಹೇಳಿರಲಿಲ್ಲ, ಕಿವಿ ಹೇಳಿತು. ಹೀಗೆ ಓದುತ್ತ ಓದುತ್ತ 148ನೆಯ ಪುಟಕ್ಕೆ ಬಂದಾಗ ಏನೋ ಅನುಮಾನವಾಗಿ ಹಿಂದಕ್ಕೆ ತಿರುವಿದೆ. 128ರ ನಂತರ ನೇರವಾಗಿ 145 ಇತ್ತು. ಒಂಬತ್ತನೆಯ ಫಾರಂ ಬರಬೇಕಾದಲ್ಲಿ ಹತ್ತನೆಯದನ್ನು, ಅದರ ನಂತರ ಒಂಬತ್ತನೆಯದನ್ನು ಹೊಲಿದಿದ್ದೆ! ಪ್ರತಿ ಫಾರಮಿನ ಮೊದಲ ಪುಟದ ಅಡಿಯಲ್ಲಿ ಅದರ ಸಂಖ್ಯೆಯನ್ನು ಅಚ್ಚು ಮಾಡಿರುತ್ತಾರೆ. ಅದನ್ನು ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

128ನೆಯ ಪುಟ ಪೂರ್ಣವಿರಾಮದೊಂದಿಗೆ ಮುಗಿದು, 145 ಹೊಸ ಪ್ಯಾರಾದಿಂದ ತೊಡಗಿದ್ದು ಆಕಸ್ಮಿಕವೇ ಇರಬಹುದು. ಆದರೆ ಬರೆದವನೇ ನಾಲ್ಕು ಪುಟ ಓದಿದರೂ ನಡುವಿನ ಹದಿನಾರು ಪುಟಗಳಿಗಾಗಿ ಹುಡುಕಲಿಲ್ಲವೆಂಬುದನ್ನು ಆಕಸ್ಮಿಕವೆನ್ನಲು ನನಗೆ ಧೈರ್ಯವಿಲ್ಲ. ಆ ಪುಟಗಳಲ್ಲಿರುವುದು ನಾಯಕನ ರಾತ್ರಿಯ ರೈಲು ಪ್ರಯಾಣ. ಎರಡು ತಿಂಗಳು ತಿದ್ದಿ ತಿದ್ದಿ ಬರೆದದ್ದು, ಆ ಪುಸ್ತಕದಲ್ಲಿ ನನಗೆ ಅತ್ಯಂತ ಹೆಮ್ಮೆಯಿದ್ದ ಭಾಗ. ನೀನು ಮಾತ್ರ ಆಗಲೇ ಇದು ಉದ್ದವಾಯಿತು ಎಂದಿದ್ದೆ. ನಾನು ಒಂದು ವಾರ ಮಾತುಬಿಟ್ಟಿದ್ದೆ.

ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಕಾಟು ಹೊಡೆದ ಸಾಲುಗಳನ್ನು ಗೆರೆಗಳಿಂದ ಜೋಡಿಸುತ್ತ ಹಕ್ಕಿಗಳನ್ನೂ ವಿಚಿತ್ರ ಪ್ರಾಣಿಗಳನ್ನೂ ಮೂಡಿಸುತ್ತಿದ್ದರು. ಆ ಆಟವೇ ಬೆಳೆದು, ಅರವತ್ತು ದಾಟಿದ ಮೇಲೆ ಅವರು ಚಿತ್ರಕಾರರಾದರು; 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ನಡೆಯಿತು. ಅವರಿಗೆ ಹೊಡೆದುಹಾಕಿದ ಸಾಲಿನಿಂದ ಹವ್ಯಾಸ ಹುಟ್ಟಿತು. ನನ್ನ ಪಾಡು ಇದಕ್ಕೆ ತಿರುವುಮುರುವು: ಹವ್ಯಾಸವೇ ಬಂದು, ಯಾವುದನ್ನು ಹೊಡೆದುಹಾಕಬೇಕಿತ್ತೆಂದು ತೋರಿಸಿತು. ಬರವಣಿಗೆಯಲ್ಲಿ ತಪ್ಪನ್ನು ಮಾತಿನಿಂದ ಮುಚ್ಚಲು ನಾವಿಬ್ಬರೂ ನಿಪುಣರು. ದಾರದ ಮುಂದೆ ಆ ನೈಪುಣ್ಯ ನಡೆಯುವುದಿಲ್ಲ. ಈಗ ಬರೆಯುತ್ತಿರುವ ಹಸ್ತಪ್ರತಿಯಿಂದ ಕಳೆದ ವಾರ ಇಡೀ ಒಂದು ಅಧ್ಯಾಯವನ್ನು ತೆಗೆದಿಟ್ಟು, ಅದಿಲ್ಲದೆ ಬಾಯಿಬಿಟ್ಟು ಓದಿ ನೋಡಿದೆ. ಎಲ್ಲಿಯೂ ತಡವರಿಸಲಿಲ್ಲ. ಆ ಹಾಳೆಗಳನ್ನು ಹರಿಯಲು ಮಾತ್ರ ಇನ್ನೂ ಮನಸ್ಸು ಬಂದಿಲ್ಲ.

ಆ ಕಾದಂಬರಿಯ ಹೊಲಿಗೆಯನ್ನು ಬಿಚ್ಚಿಲ್ಲ. ತಪ್ಪಿದ ಕ್ರಮದಲ್ಲೇ ನಿನಗೆ ಕಳುಹಿಸುತ್ತಿದ್ದೇನೆ. ರಟ್ಟಿನ ಎಡ ಮೂಲೆಯಲ್ಲಿ ಅಂಟಿನ ಕಲೆಯಿದೆ, ಮನ್ನಿಸು. ಓದಿ, 160ನೆಯ ಪುಟದ ನಂತರ ಬರುವ ಆ ರೈಲನ್ನು ನೀನು ಹತ್ತಿದೆಯೋ, ನಿಲ್ದಾಣದಲ್ಲೇ ಉಳಿದೆಯೋ ತಿಳಿಸು. ಈ ಸಲ ಮಾತುಬಿಡುವುದಿಲ್ಲ.

ನಿನ್ನ,
ಹಳೆಯ ಗೆಳೆಯ