ದಮಾಮಿ ತಂಡಕ್ಕೂ ಒಂದು ಆಲ್ಬಮ್, ಒಂದು ತಿರುಗಾಟ ಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ಅಲಿಸನ್ ಕ್ರಾಸ್ ಮತ್ತು ಯೂನಿಯನ್ ಸ್ಟೇಷನ್ ತಂಡ 2011ರ ಬಳಿಕ, ಹದಿನಾಲ್ಕು ವರ್ಷ ಕಳೆದ ಮೇಲೆ, 2025ರಲ್ಲಿ ಹೊಸ ಆಲ್ಬಮ್ ಹೊರತಂದು ಊರೂರು ತಿರುಗಿದ್ದರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಅವರ ಸಂಗೀತ ಪ್ರಕಾರವಾದ ಬ್ಲೂಗ್ರಾಸ್ ಎಂಬ ಪದವನ್ನು ಕನ್ನಡ ಅಕ್ಷರಗಳಲ್ಲಿ ನಾನು ಕಂಡದ್ದು ಇದೇ ಮೊದಲು. ಕಾರವಾರದ ಕೋಡಿಬಾಗದ ಮನೆಯಲ್ಲಿ ಕುಳಿತು ಮೂವತ್ತು ವರ್ಷಗಳಿಂದ ಆ ಸಂಗೀತ ಕೇಳುತ್ತಿರುವ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಬರಹದಲ್ಲಿ ಬ್ಯಾಂಜೋ ಅಮೆರಿಕನ್ನರ ಸ್ವಂತ ವಾದ್ಯ ಎಂಬ ಮಾತಿದೆ. ಅದನ್ನು ತಿದ್ದಬೇಕೆಂದು ಪತ್ರ ಬರೆಯಲು ಕುಳಿತೆ. ತಿದ್ದುತ್ತ ಹೋದರೆ ಆ ಮಾತು ನಮ್ಮ ಜಿಲ್ಲೆಯ ಸಿದ್ದಿಗಳ ಅಂಗಳಕ್ಕೇ, ಅವರ ದಮಾಮಿ ಎಂಬ ಚರ್ಮವಾದ್ಯದ ಬಳಿಗೇ ಬಂದು ನಿಲ್ಲುತ್ತದೆ.

ನಾನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. 1994ರ ಚಳಿಗಾಲದಲ್ಲಿ ನಮ್ಮ ಹಡಗು ಕಲ್ಲಿದ್ದಲು ತುಂಬಿಕೊಳ್ಳಲು ವರ್ಜೀನಿಯದ ನಾರ್ಫೋಕ್ ಬಂದರಿನಲ್ಲಿ ನಿಂತಿತ್ತು. ಅಲ್ಲಿನ ಚರ್ಚೊಂದರವರು ನಾವಿಕರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಒಂದು ಶಾಲೆಯ ಸಭಾಂಗಣಕ್ಕೆ ಕರೆದೊಯ್ದರು. ವೇದಿಕೆಯ ನಡುವೆ ಒಂದೇ ಒಂದು ಮೈಕು. ಅದರ ಸುತ್ತ ಐದು ಜನ: ಗಿಟಾರ್, ಮ್ಯಾಂಡೊಲಿನ್, ಪಿಟೀಲು, ಆಳೆತ್ತರದ ಬಾಸ್, ಬ್ಯಾಂಜೋ. ಯಾರ ಸರದಿಯೋ ಅವರು ಮೈಕಿನ ಹತ್ತಿರ ಸರಿಯುತ್ತಿದ್ದರು, ಮುಗಿದ ಕೂಡಲೇ ಹೆಗಲು ಓರೆ ಮಾಡಿ ಹಿಂದೆ ಸರಿದು ಮುಂದಿನವರಿಗೆ ಜಾಗ ಬಿಡುತ್ತಿದ್ದರು. ಡ್ರಮ್ ಇರಲಿಲ್ಲ, ಆದರೂ ತಾಳ ಎಳ್ಳಷ್ಟು ಅಲುಗಲಿಲ್ಲ. ಹಾಡಿದವರ ದನಿ ಏರು ಶ್ರುತಿಯಲ್ಲಿ, ಎದೆ ಸೀಳುವಂತಿತ್ತು. ನಮ್ಮ ಭಾಗವತರು ನಡುರಾತ್ರಿ ಕಳೆದ ಮೇಲೆ ಕರುಣರಸದ ಪದ್ಯ ಎತ್ತಿದಾಗ ಆಗುವಂಥದೇ ಅನುಭವ.

ಆಟ ಮುಗಿದ ಮೇಲೆ ಬ್ಯಾಂಜೋದವರು ವಾದ್ಯವನ್ನು ನನ್ನ ಕೈಗೇ ಕೊಟ್ಟರು. ನಮ್ಮಲ್ಲಿ ಗಣಪತಿ ಮೆರವಣಿಗೆಯಲ್ಲಿ ಬ್ಯಾಂಜೋ ಎಂದು ಕರೆಯುವುದು ಟೈಪ್‌ರೈಟರಿನಂತೆ ಗುಂಡಿ ಒತ್ತಿ ನುಡಿಸುವ ಪೆಟ್ಟಿಗೆಯನ್ನು, ಇದು ಬೇರೆ. ದುಂಡನೆಯ ಬಳೆಯ ಮೇಲೆ ಬಿಗಿದ ಹೊದಿಕೆ, ಬಳೆಯ ಸುತ್ತ ಇಪ್ಪತ್ತನಾಲ್ಕು ಕೊಕ್ಕೆಗಳು, ಒಂದೊಂದಕ್ಕೂ ಒಂದು ನಟ್. ಪೈಪಿನ ಫ್ಲಾಂಜ್ ಬಿಗಿಯುವಾಗ ನಾವು ಎದುರುಬದುರು ನಟ್‌ಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತೇವಲ್ಲ, ಅವರೂ ಹಾಗೆಯೇ ಮಾಡುತ್ತಾರಂತೆ. ಐದು ತಂತಿಗಳಲ್ಲಿ ಒಂದು ಮಾತ್ರ ಗಿಡ್ಡ, ಕೊರಳಿನ ನಡುವಿನಿಂದ ಹೊರಡುತ್ತದೆ. ಅದನ್ನು ಮೀಟುವುದು ಹೆಬ್ಬೆರಳು. ಹಾಡು ಎತ್ತ ಹೋದರೂ ಆ ಒಂದು ಸ್ವರ ತಂಬೂರಿಯಂತೆ ಒಳಗೆ ಮಿಡಿಯುತ್ತಲೇ ಇರುತ್ತದೆ.

ಆ ಗಿಡ್ಡ ತಂತಿಯೇ ಬ್ಯಾಂಜೋದ ಹುಟ್ಟೂರನ್ನು ಹೇಳುವುದು. ಪಶ್ಚಿಮ ಆಫ್ರಿಕದ ಸೆನೆಗಲ್ ಮತ್ತು ಗ್ಯಾಂಬಿಯದಲ್ಲಿ ಜೋಲಾ ಜನ ಇಂದಿಗೂ ನುಡಿಸುವ ಅಕೊಂಟಿಂಗ್ ಎಂಬ ವಾದ್ಯಕ್ಕೆ ಸೋರೆಬುರುಡೆಯ ಒಡಲು, ಆಡಿನ ಚರ್ಮದ ಹೊದಿಕೆ, ಹೆಬ್ಬೆರಳಿಗೆಂದೇ ಒಂದು ಗಿಡ್ಡ ತಂತಿ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರು ಇಂಥ ವಾದ್ಯಗಳ ನೆನಪನ್ನು ಕೆರಿಬಿಯನ್ ದ್ವೀಪಗಳಿಗೂ ಅಮೆರಿಕದ ತೋಟಗಳಿಗೂ ಒಯ್ದರು, ಅಲ್ಲಿ ಸಿಕ್ಕ ಬುರುಡೆ, ಮರ, ತೊಗಲಿನಿಂದ ಮತ್ತೆ ಕಟ್ಟಿಕೊಂಡರು. ಬಿಳಿಯರ ಕೈಗೆ ಬಂದದ್ದು ಆಮೇಲೆ. ಕೆಂಟಕಿಯ ಬಿಲ್ ಮನ್ರೋ ಕಟ್ಟಿದ ಬ್ಲೂ ಗ್ರಾಸ್ ಬಾಯ್ಸ್ ತಂಡಕ್ಕೆ 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಸೇರಿ, ಮೂರು ಬೆರಳಿನಲ್ಲಿ ಮಳೆ ಸುರಿದಂತೆ ಬ್ಯಾಂಜೋ ನುಡಿಸಿದ ಮೇಲೆ ಈ ಸಂಗೀತಕ್ಕೆ ಈಗಿನ ರೂಪ ಬಂತು. ಹೆಸರು ಬಂದದ್ದೂ ಆ ತಂಡದಿಂದಲೇ. ಆದರೆ ಅದಕ್ಕೂ ಮೊದಲು, 1920ರ ದಶಕದಲ್ಲಿ, ರೆಕಾರ್ಡ್ ಕಂಪನಿಗಳು ಬಿಳಿಯರ ಹಾಡಿಗೊಂದು ಪಟ್ಟಿ, ಕರಿಯರ ಹಾಡಿಗೊಂದು ಪಟ್ಟಿ ಎಂದು ಬೇರೆ ಮಾಡಿಬಿಟ್ಟಿದ್ದವು. ಬ್ಯಾಂಜೋ ತಂದವರ ಹೆಸರು ಜನರ ಬಾಯಿಂದ ಅಳಿಸಿಹೋದದ್ದರಲ್ಲಿ ಆ ಪಟ್ಟಿಗಳ ಪಾಲು ದೊಡ್ಡದು.

ಇದೇ ಈಗ ನಮ್ಮ ಕಣ್ಣೆದುರು ನಡೆಯುತ್ತಿದೆ ಎಂಬುದು ನನ್ನ ಸಂಕಟ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳಲ್ಲಿರುವ ಸಿದ್ದಿಗಳ ಪೂರ್ವಜರೂ ಆಫ್ರಿಕದಿಂದ ಬಂದವರು. ಅಮೆರಿಕಕ್ಕೆ ಬ್ಯಾಂಜೋ ಒಯ್ದವರು ಆಫ್ರಿಕದ ಪಶ್ಚಿಮ ಕರಾವಳಿಯವರು, ಪೋರ್ಚುಗೀಸರು ಗೋವಾಕ್ಕೆ ತಂದವರು ಹೆಚ್ಚಾಗಿ ಪೂರ್ವ ಕರಾವಳಿಯವರು. ಎರಡನ್ನೂ ಒಂದೇ ಎನ್ನಲಾಗದು. ಆದರೆ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮನೆಗಳಲ್ಲಿ ದಮಾಮಿ ಇಂದಿಗೂ ಮೊಳಗುತ್ತಿದೆ.

ಕಳೆದ ವರ್ಷ ಯಲ್ಲಾಪುರ ತಾಲ್ಲೂಕಿನ ಒಂದು ಸಿದ್ದಿ ಕೇರಿಗೆ ಹೋಗಿದ್ದೆ. ದಮಾಮಿ ಬಾರಿಸುವ ಹಿರಿಯರು ಅಂಗಳದಲ್ಲಿ ದರಗೆಲೆಯ ಬೆಂಕಿ ಮಾಡಿ, ಚರ್ಮವನ್ನು ಅದಕ್ಕೆ ಒಡ್ಡಿ ಕಾಯಿಸುತ್ತಿದ್ದರು. ನಡುನಡುವೆ ನಡುಬೆರಳಿನಿಂದ ಒಮ್ಮೆ ತಟ್ಟಿ, ಕಿವಿಯನ್ನು ಹತ್ತಿರ ತಂದು, ತಲೆಯಾಡಿಸಿ ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಕೊನೆಗೊಮ್ಮೆ ತೃಪ್ತಿಯಾಯಿತು. ಹೆಂಗಸರು ತಮ್ಮ ಕೊಂಕಣಿಯಲ್ಲಿ ಹಾಡಿದರು, ಕುಣಿದರು. ಬಿಡುವಿನಲ್ಲಿ ನಾನು ಮೊಬೈಲ್‌ನಲ್ಲಿ ಬ್ಯಾಂಜೋ ಕೇಳಿಸಿದೆ. ಅದು ಎಲ್ಲಿಂದ ಹೇಗೆ ಹೋಯಿತೆಂದೂ ಹೇಳಿದೆ. ಹಿರಿಯರು ದಮಾಮಿಯ ಅಂಚಿನ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಕೇಳಿ, "ಇನ್ನೊಮ್ಮೆ ಹಾಕಿ" ಎಂದರು. ಅದು ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇವರ ಹಾಡು ನಿಮಗೆ ಎಲ್ಲಿ ಸಿಕ್ಕಿತು? ನಮ್ಮದು ಹೀಗೆ ಎಲ್ಲಾದರೂ ಸಿಗುತ್ತದೆಯೇ?"

ಹುಡುಕಿದೆ. ಸಿಕ್ಕಿತು, ಯಾರೋ ಪ್ರವಾಸಿಗರು ತೆಗೆದ ವಿಡಿಯೊದಲ್ಲಿ. ಮೇಲೆ 'ಕಾಡಿನ ಆಫ್ರಿಕನ್ ಡ್ಯಾನ್ಸ್' ಎಂದಿತ್ತು. ಹಾಡಿದವರ ಹೆಸರಿಲ್ಲ, ಊರಿನ ಹೆಸರಿಲ್ಲ. ಆ ಹಿರಿಯರಿಗೆ ಅದನ್ನು ತೋರಿಸಲು ನನಗೆ ಮನಸ್ಸು ಬರಲಿಲ್ಲ.

ಇದೇ ತಂಡವನ್ನು ನಾನು ಒಂದು ಉತ್ಸವದ ವೇದಿಕೆಯಲ್ಲೂ ನೋಡಿದ್ದೆ. ಬಿಸಿಲಿನ ಹೊತ್ತು, ಖಾಲಿ ಕುರ್ಚಿಗಳು, ಹತ್ತು ನಿಮಿಷ. ಬೆಂಕಿ ಮಾಡಲು ಜಾಗ ಕೊಡದೆ ದಮಾಮಿಯ ದನಿ ಸತ್ತುಹೋಗಿತ್ತು. ರಾತ್ರಿಯ ವೇಳೆ ಮುಂಬೈಯಿಂದ ಬರುವ ಗಾಯಕರಿಗೆ ಮೀಸಲು. ಹಾಲಕ್ಕಿ ಸಮುದಾಯದವರ ಗುಮಟೆ ಎಂಬ ಮಣ್ಣಿನ ಚರ್ಮವಾದ್ಯದ ಕತೆಯೂ ಬೇರೆಯಲ್ಲ. ಪಕ್ಕದ ಗೋವಾ ಸರ್ಕಾರ ಅದೇ ವಾದ್ಯವನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿಕೊಂಡಿದೆ. ಹಾಲಕ್ಕಿ ಹಾಡುಗಾರ್ತಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ನಾವೆಲ್ಲ ಕಣ್ಣೀರು ಹಾಕಿದೆವು. ಅವರ ಜೊತೆ ಸೊಲ್ಲು ಹಿಡಿಯುತ್ತಿದ್ದ ಹೆಂಗಸರಲ್ಲಿ ನಾಲ್ವರ ಹೆಸರು ನಮಗೆ ಗೊತ್ತಿದೆಯೇ?

ಯೂನಿಯನ್ ಸ್ಟೇಷನ್ ತಂಡದಲ್ಲಿ ಬ್ಯಾಂಜೋ ರಾನ್ ಬ್ಲಾಕ್ ಅವರದು, ಬಾಸ್ ಬ್ಯಾರಿ ಬೇಲ್ಸ್ ಅವರದು, ತೊಡೆಯ ಮಟ್ಟದಲ್ಲಿ ಅಡ್ಡಲಾಗಿ ಹಿಡಿದು ಲೋಹದ ತುಂಡು ಜಾರಿಸಿ ನುಡಿಸುವ ಡೋಬ್ರೊ ಜೆರ್ರಿ ಡಗ್ಲಾಸ್ ಅವರದು. ಮೋಹನವೀಣೆಯ ನಮ್ಮ ವಿಶ್ವಮೋಹನ ಭಟ್ಟರು ಇದೇ ಡಗ್ಲಾಸ್ ಜೊತೆ ಜುಗಲ್ಬಂದಿ ನುಡಿಸಿ ಆಲ್ಬಮ್ ಮಾಡಿದ್ದಾರೆ. ಕಾರವಾರದ ನನಗೆ ಇಷ್ಟೆಲ್ಲ ಗೊತ್ತಿರುವುದು ಆಲ್ಬಮ್ ಎಂಬುದೊಂದು ಇರುವುದರಿಂದ. ಯಾವ ವಾದ್ಯ ಯಾರದ್ದೆಂದು ಅದರಲ್ಲಿ ಅಚ್ಚಾಗಿರುತ್ತದೆ. ತಂಡ ಅದನ್ನು ಹಿಡಿದು ಊರೂರಿಗೆ ಹೋಗುತ್ತದೆ. ನಾರ್ಫೋಕಿನಲ್ಲಿ ಮ್ಯಾಂಡೊಲಿನ್ ನುಡಿಸಿದವರೇ ಬಾಗಿಲ ಬಳಿ ಮೇಜು ಹಾಕಿಕೊಂಡು ಕ್ಯಾಸೆಟ್ ಮಾರುತ್ತಿದ್ದರು. ಆ ಕ್ಯಾಸೆಟ್ ಈಗಲೂ ನನ್ನಲ್ಲಿದೆ. ಬಿಲ್ ಮನ್ರೋ 1940ರ ದಶಕದಲ್ಲಿ ಡೇರೆ ಕಟ್ಟಿಕೊಂಡು ತಿರುಗಿದವರು. ಜೊತೆಗೊಂದು ಬೇಸ್‌ಬಾಲ್ ತಂಡವನ್ನೂ ಒಯ್ದು, ಹಗಲು ಊರಿನವರೊಂದಿಗೆ ಪಂದ್ಯ ಆಡಿಸಿ ರಾತ್ರಿ ಹಾಡುತ್ತಿದ್ದರು. ಡೇರೆ ಮೇಳಗಳ ಆಟ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟು. ಉತ್ಸವದ ಹಣದಲ್ಲಿ ಒಬ್ಬ ಹೊರಗಿನ ಗಾಯಕರ ಸಂಭಾವನೆಯಷ್ಟನ್ನು ತೆಗೆದಿಟ್ಟು ಒಂದು ದಮಾಮಿ ತಂಡ, ಒಂದು ಗುಮಟೆ ತಂಡದ ಹಾಡುಗಳನ್ನು ಅವರವರ ಅಂಗಳದಲ್ಲೇ ಅಚ್ಚುಕಟ್ಟಾಗಿ ಧ್ವನಿಮುದ್ರಿಸಿ. ಬಾರಿಸಿದವರು, ಹಾಡಿದವರು ಎಲ್ಲರ ಹೆಸರಿರಲಿ, ಹಕ್ಕು ತಂಡದ್ದೇ ಇರಲಿ. ಆಮೇಲೆ ಹಳಿಯಾಳದಿಂದ ಭಟ್ಕಳದವರೆಗೆ ಹನ್ನೆರಡೂ ತಾಲ್ಲೂಕುಗಳಲ್ಲಿ ಒಂದೊಂದು ರಾತ್ರಿ, ಪೂರ್ತಿ ಎರಡು ಗಂಟೆಯ ಕಾರ್ಯಕ್ರಮ ಮಾಡಿಸಿ. ವೇದಿಕೆಯ ಪಕ್ಕ ಬೆಂಕಿ ಮಾಡಲು ಜಾಗ ಮರೆಯಬೇಡಿ.

ನಿಮ್ಮಲ್ಲಿಯೂ ಒಂದು ಕೇಳಿಕೆ ಇದೆ. ತಿರುಗಾಟದ ದಿನಗಳಲ್ಲಿ ಯಕ್ಷಗಾನ ಮೇಳಗಳ ಆಟ ಇಂದು ಎಲ್ಲೆಲ್ಲಿ ಎಂಬ ಪಟ್ಟಿಯನ್ನು ಅಚ್ಚು ಹಾಕುತ್ತೀರಿ. ಅದರ ಕೆಳಗೆ ನಾಲ್ಕು ಸಾಲಿನ ಜಾಗವನ್ನು ದಮಾಮಿ, ಗುಮಟೆ ತಂಡಗಳಿಗೂ ಕೊಡಿ. ಊರು, ದಿನ, ಹೊತ್ತು, ತಂಡದವರ ಹೆಸರುಗಳನ್ನು ಕೇಳಿ ಬರೆದುಕೊಂಡು ಪ್ರತಿ ಶನಿವಾರ ನಿಮ್ಮ ಕಾರವಾರದ ಕಚೇರಿಗೆ ನಾನೇ ತಂದು ಕೊಡುತ್ತೇನೆ.

– ನಿವೃತ್ತ ಹಡಗು ಫಿಟ್ಟರ್, ಕೋಡಿಬಾಗ, ಕಾರವಾರ