ಪೊಟ್ಟಣದಲ್ಲಿ ಏಳು ಕಾಳು

ತೀರ್ಥಹಳ್ಳಿ, ಸೆಪ್ಟೆಂಬರ್ 9

ಪ್ರೀತಿಯ ಪುಟ್ಟಿ,

ಈ ಕಾಗದದೊಳಗೆ ಸಣ್ಣ ಪೊಟ್ಟಣ ಇದೆ, ಬಿಚ್ಚುವಾಗ ಜೋಪಾನ. ನಿನ್ನೆ ತೆನೆ ಹಬ್ಬಕ್ಕೆ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯಿಂದ ಬಿಡಿಸಿದ ಏಳು ಕಾಳು. ನಮ್ಮ ಪಾಲಿನದನ್ನು ಪಾಯಸಕ್ಕೆ ಹಾಕಿ ಉಂಡೆವು. ಇದು ನಿನ್ನ ಪಾಲು.

ಈ ಸಲ ಹಬ್ಬಕ್ಕೆ ಮೊದಲಿನ ನೊವೇನ ಪ್ರಾರ್ಥನೆಯ ಒಂಬತ್ತು ದಿನವೂ ಮಳೆ. ಆದರೂ ಮಕ್ಕಳು ಮರಿಯ ಮಾತೆಗೆ ಬುಟ್ಟಿ ತುಂಬ ಹೂ ತಂದಿದ್ದರು. ನಮ್ಮ ಅಂಗಳದ ಡೇರೆ ಹೂವನ್ನು ಪಕ್ಕದ ಮನೆಯ ಮಕ್ಕಳು ಮೊಗ್ಗೂ ಬಿಡದೆ ಕೊಯ್ದುಕೊಂಡು ಹೋದರು, ಥೇಟ್ ನಿನ್ನ ಹಾಗೆ.

ಮೊನ್ನೆ ಫೋನಿನಲ್ಲಿ ಅಂದೆಯಲ್ಲ, "ಜೊತೆಯವರಿಗೆಲ್ಲ ಒಂದೊಂದು ನೆಲೆ ಆಯ್ತಮ್ಮ, ನಂದು ಮಾತ್ರ ಇನ್ನೂ ಏನೂ ಆಗಿಲ್ಲ" ಅಂತ. ಆಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿನ್ನೆ ತೆನೆ ಹಿಡಿದು ಸಾಲಿನಲ್ಲಿ ನಿಂತಾಗ ನಿನ್ನ ಮಾತೇ ನೆನಪಾಗುತ್ತಿತ್ತು. ತೆನೆಯ ಹಸಿರು ಇನ್ನೂ ಬಿಟ್ಟಿರಲಿಲ್ಲ. ತುದಿಯ ಕಾಳು ಗಟ್ಟಿ, ಬುಡದ್ದನ್ನು ಉಗುರಿನಲ್ಲಿ ಒತ್ತಿದರೆ ಹಾಲು. ನಮ್ಮ ಗದ್ದೆಯಲ್ಲಂತೂ ಕದಿರಿನ ಸುಳಿವೇ ಇಲ್ಲ, ಬೇಗ ನೆಟ್ಟಿ ಮಾಡಿದವರು ಯಾರೋ ತಂದುಕೊಟ್ಟದ್ದು ಅದು. ಇಷ್ಟು ವರ್ಷ ಈ ಹಬ್ಬ ಮಾಡಿದ್ದೇನೆ, ಕಣಜ ತುಂಬುವ ಮೊದಲೇ ಇದು ಬರುತ್ತದೆ ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊಯ್ಲಿನೊಳಗೆ ಹಂದಿ ನುಗ್ಗಬಹುದು, ಅಕಾಲದ ಮಳೆ ಹೊಡೆಯಬಹುದು. ಅದು ಗೊತ್ತಿದ್ದೂ ಕೈಯಲ್ಲಿರುವ ಒಂದು ತೆನೆಗೆ ಸ್ತೋತ್ರ ಹೇಳುತ್ತೇವೆ.

2019ರ ಹಬ್ಬಕ್ಕೆ ನಾನು ಹೋಗಲಿಲ್ಲ. ನೀನು ಹಾಸ್ಟೆಲಿನಲ್ಲಿದ್ದೆ, ನಿನಗೆ ಹೇಳಿರಲಿಲ್ಲ. ಆ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ಪೇಟೆಗೇ ನೀರು ನುಗ್ಗಿತ್ತು. ಇಲ್ಲಿ ಧರೆ ಕುಸಿದು ಕೆಳಗಿನ ಗದ್ದೆ ಮುಚ್ಚಿತು. ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡಲೇ ಇಲ್ಲ, ತೋಟಕ್ಕೆ ಕೊಳೆ ರೋಗ ಬಂತು. ರಾತ್ರಿ ಮಲಗಿದರೆ ಹಸಿ ಅಡಿಕೆ ಉದುರುವ ಸದ್ದು. ಹೂ ಹಿಡಿದು ಹೊರಟ ಅಜ್ಜಿಗೆ, "ಯಾವುದಕ್ಕೆ ಅಂತ ಸ್ತೋತ್ರ ಹೇಳುವುದು ಅತ್ತೆ?" ಅಂದುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. "ದಿನಾ ಕೇಳೋದು ಅನುದಿನದ ಆಹಾರ ತಾನೆ? ಒಲೆ ಮೇಲೆ ಇವತ್ತಿಂದು ಬೇಯ್ತಾ ಇದೆ ನೋಡು," ಅಂದು ಕೊಡೆ ಬಿಚ್ಚಿಕೊಂಡು ಇಳಿದು ಹೋದರು. ನಾನು ಒಲೆಯ ಮುಂದೆ ಕೂತು ತುಂಬ ಹೊತ್ತು ಅತ್ತೆ. ಅತ್ತ ಮೇಲೆ ಉಂಡೆ. ಆ ಊಟಕ್ಕೆ ಹೇಳಿದ ಪ್ರಾರ್ಥನೆಯಷ್ಟು ನಿಜವಾದದ್ದನ್ನು ನಾನು ಅದಕ್ಕೂ ಮೊದಲು ಹೇಳಿರಲಿಲ್ಲ.

ಅದಕ್ಕೇ, ಅಳಬೇಡ ಅಂತ ನಿನಗೆ ಹೇಳುವುದಿಲ್ಲ. ಯೇಸುಸ್ವಾಮಿಯೇ "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು" ಅಂದರು, ಕಾಟವೇ ಇಲ್ಲ ಅನ್ನಲಿಲ್ಲ. ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದದ್ದನ್ನು ಇನ್ನೊಮ್ಮೆ ಓದು, ನಾಲ್ಕನೇ ಅಧ್ಯಾಯ. ಇದ್ದ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ಕಲಿತುಕೊಂಡೆ ಅನ್ನುತ್ತಾರೆ, ಅದೂ ಸೆರೆಯಲ್ಲಿ ಕೂತು. ಕಲಿತುಕೊಂಡೆ ಅಂತಾರೆ ನೋಡು. ಅಷ್ಟು ದೊಡ್ಡವರಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ನಿನಗೆ ಇನ್ನೂ ಬಂದಿಲ್ಲವೆಂದು ನೊಂದುಕೊಳ್ಳಬೇಡ.

ಮರುಭೂಮಿಯಲ್ಲಿ ದೇವರು ದಿನಾ ಕೊಟ್ಟ ಮನ್ನ ಎಂಬ ಆಹಾರವನ್ನು ನಾಳೆಗೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಾಗ ಹುಳ ಬಿದ್ದಿತ್ತಂತೆ. ಮಳೆಗಾಲದಲ್ಲಿ ಡಬ್ಬದೊಳಗಿನ ಹಪ್ಪಳಕ್ಕೂ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ದುಡ್ಡು ಉಳಿಸಬೇಡ ಅಂತಲ್ಲ ಮಗಳೇ, ಉಳಿಸು. ನಾಳೆಯ ಭಯವನ್ನು ಮಾತ್ರ ಕೂಡಿಡಬೇಡ. ರಾತ್ರಿ ಮಲಗುವ ಮೊದಲು ಆ ದಿನ ಸಿಕ್ಕಿದ್ದನ್ನು ಹೆಸರು ಹಿಡಿದು ದೇವರ ಮುಂದೆ ಹೇಳು: ಬಸ್ಸಿನಲ್ಲಿ ಸೀಟು ಸಿಕ್ಕಿತು, ರೂಮಿನವಳು ಚಹಾ ಮಾಡಿಕೊಟ್ಟಳು. ಅಜ್ಜಿ ಈಗಲೂ ಜಪಸರ ಮುಗಿದ ಮೇಲೆ ಹೀಗೆಯೇ ಹೇಳುತ್ತಾರೆ. ಮೊನ್ನೆ ಅವರು ಹೇಳಿದ್ದರಲ್ಲಿ ನಿನ್ನ ಫೋನೂ ಇತ್ತು.

ನಿನಗೆಂದು ತುದಿಯ ಗಟ್ಟಿ ಕಾಳುಗಳನ್ನೇ ಆರಿಸಿ ಒಲೆಯ ದಂಡೆಯಲ್ಲಿ ಒಣಗಿಸಿದ್ದೇನೆ. ಸಿಪ್ಪೆ ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿಕೋ. ತೆಂಗಿನ ಹಾಲು ಆಗದಿದ್ದರೆ ಪ್ಯಾಕೆಟ್ ಹಾಲೇ ಸಾಕು, ಬೆಲ್ಲ ಮಾತ್ರ ಹಾಕು. ರೂಮಿನವಳಿಗೂ ಒಂದು ಲೋಟ ಕೊಡು.

ನಿನ್ನ ಅಮ್ಮ