ಬೆಳಗಿನ ನಾಲ್ಕೂವರೆಯ ಕರೆ ನಿಲ್ಲಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸಿ ಓದಿಗೆ ಕೂರಿಸುವ ಶಿಕ್ಷಕರನ್ನು ಮೆಚ್ಚಿ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ನಾನೂ ಹಾಗೆ ಎಬ್ಬಿಸಿದವಳೇ. ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಈ ಕರೆಗಳನ್ನು ದಯವಿಟ್ಟು ನಿಲ್ಲಿಸಿ ಎಂದು ಕೇಳಲು ಈ ಪತ್ರ.

ಕಳೆದ ವರ್ಷ ನನ್ನ ಪಾಲಿಗೆ ಹನ್ನೆರಡು ದತ್ತು ಮಕ್ಕಳಿದ್ದರು. ಫಲಿತಾಂಶ ಸುಧಾರಣೆಗೆಂದು ಹತ್ತನೆಯ ತರಗತಿಯವರನ್ನು ಶಿಕ್ಷಕರಿಗೆ ಹಂಚಿಕೊಡುವುದನ್ನು ನಮ್ಮಲ್ಲಿ ದತ್ತು ಎನ್ನುತ್ತೇವೆ. ಡಿಸೆಂಬರ್ ತಿಂಗಳಿನಿಂದ ದಿನವೂ ನಾಲ್ಕೂವರೆಗೆ ಒಬ್ಬೊಬ್ಬರಿಗೂ ಕರೆ ಮಾಡಿ, ಎತ್ತಿದವರ ಹೆಸರಿನ ಮುಂದೆ ಗುರುತು ಹಾಕಿ, ಆ ಹಾಳೆಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಿದ್ದೆ. ಕೆಲವರು ಎಷ್ಟು ಸಲ ರಿಂಗಾದರೂ ಎತ್ತುತ್ತಿರಲಿಲ್ಲ. ಒಬ್ಬ ಹುಡುಗ ಮಾತ್ರ ಮೊದಲ ರಿಂಗಿಗೇ ಎತ್ತಿ "ಎದ್ದಿದ್ದೇನೆ ಮೇಡಂ" ಎನ್ನುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ. ತರಗತಿಯಲ್ಲಿ ಅವನನ್ನು ಎಲ್ಲರೆದುರು ನಿಲ್ಲಿಸಿ ಹೊಗಳಿದೆ. ಫೋನ್ ಎತ್ತದವರನ್ನು ಸೋಮಾರಿಗಳು ಎಂದೆ.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ನಾನೇ ಕೊಠಡಿಯಲ್ಲಿದ್ದೆ. ಥೇಲ್ಸ್‌ನ ಪ್ರಮೇಯ ಕೇಳಿದ್ದರು. ಅದನ್ನು ವಾರದ ಹಿಂದಷ್ಟೇ ಅವನು ಕಪ್ಪುಹಲಗೆಯ ಮೇಲೆ ತಡವರಿಸದೆ ಸಾಧಿಸಿ ತೋರಿಸಿದ್ದ. ತ್ರಿಭುಜ ಬರೆದ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಒಂದೇ ಜಾಗದಲ್ಲಿ ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಆ ತೂತಿನ ಮೇಲೆ ಅಂಗೈ ಮುಚ್ಚಿಕೊಂಡು ಕುಳಿತುಬಿಟ್ಟ. ಹತ್ತಿರ ಹೋದಾಗ "ಎಲ್ಲಾ ಬರುತ್ತಿತ್ತು ಮೇಡಂ, ಈಗ ಏನೂ ಇಲ್ಲ" ಎಂದ. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದ.

ಭಾನುವಾರ ಅವನ ಮನೆಗೆ ಹೋದೆ. ತಂದೆ ಇಲ್ಲ. ತಾಯಿ ಅಡಿಕೆ ಸುಲಿಯಲು ಹೋದರೆ ಮನೆ ಸೇರುವುದು ರಾತ್ರಿ ಹನ್ನೊಂದರ ಮೇಲೆ. ಅಲ್ಲಿಯವರೆಗೆ ತಂಗಿಗೆ ಊಟ ಹಾಕಿ, ಮಲಗಿಸಿ, ಅವನು ಕಾಯುತ್ತಾನೆ. ಮನೆಗೆ ಇರುವುದು ಒಂದೇ ಫೋನು, ಅದು ಬರುವುದೂ ತಾಯಿಯ ಜೊತೆಗೇ. ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಾನೆ. "ಮೂರಕ್ಕೇ ಎದ್ದು ಗಂಟೆ ನೋಡುತ್ತಾನೆ. ನಿಮ್ಮ ಫೋನು ತಪ್ಪಿಹೋದೀತು ಎಂದು ಮತ್ತೆ ಕಣ್ಣು ಮುಚ್ಚುವುದಿಲ್ಲ" ಎಂದರು ಆ ತಾಯಿ, ನನ್ನ ಮೇಲೆ ಕಿಂಚಿತ್ತೂ ಸಿಟ್ಟಿಲ್ಲದೆ. ಊಟ ಸೇರುತ್ತಿರಲಿಲ್ಲ, ತಂಗಿಯ ಮೇಲೆ ರೇಗುತ್ತಿದ್ದ. ನಾನು ಇದ್ದು ಏನು ಪ್ರಯೋಜನ ಎಂದೂ ಒಮ್ಮೆ ಕೇಳಿದ್ದನಂತೆ. ಆ ಮಾತು ಕೇಳಿದ ಮೇಲೆ ನನಗೆ ಅಲ್ಲಿ ಕಾಫಿ ಕುಡಿಯಲಾಗಲಿಲ್ಲ.

ಮರುದಿನವೇ ತಾಯಿ ಮಗನನ್ನು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆಂದೇ ಇರುವ ಆ ವಿಭಾಗದ ಬಗ್ಗೆ ಇಷ್ಟು ವರ್ಷ ಮಕ್ಕಳ ನಡುವೆ ಇದ್ದ ನನಗೇ ಗೊತ್ತಿರಲಿಲ್ಲ. ಅಲ್ಲಿನ ಆಪ್ತ ಸಮಾಲೋಚಕಿ ಅವನನ್ನು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಗಂಟೆ ನಿದ್ದೆ ಮಾಡುತ್ತೀಯಪ್ಪ?" ನಾವು ಎಷ್ಟು ಪಾಠ ಮುಗಿಯಿತು ಎಂದು ಕೇಳುತ್ತಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ.

ಅವರು ವಿವರಿಸಿದ್ದನ್ನು ಆಮೇಲೆ ನಾನೂ ಓದಿ ತಿಳಿದುಕೊಂಡೆ. ಹರೆಯಕ್ಕೆ ಬಂದಂತೆ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ; ಬೇಗ ಮಲಗು ಎಂದರೂ ನಿದ್ದೆ ಹತ್ತುವುದಿಲ್ಲ. ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆಯ ನಿದ್ದೆ. ಕನಸು ಬೀಳುವ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲೇ. ಓದಿದ್ದು ನೆಲೆ ನಿಲ್ಲುವುದಕ್ಕೂ ಮನಸ್ಸು ಹದಕ್ಕೆ ಬರುವುದಕ್ಕೂ ಅದು ಬೇಕು. ನಾವು ಫೋನ್ ಮಾಡುವುದು ಸರಿಯಾಗಿ ಆ ಹೊತ್ತಿಗೇ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಪ್ರೌಢಶಾಲೆಗಳು ಬೆಳಗ್ಗೆ ಎಂಟೂವರೆಗೆ ಮೊದಲು ತರಗತಿ ಆರಂಭಿಸುವಂತಿಲ್ಲ ಎಂಬ ಕಾನೂನೇ ಇದೆ.

ನಮ್ಮ ಹಿರಿಯರೆಲ್ಲ ನಾಲ್ಕಕ್ಕೆ ಎದ್ದು ಓದಿದವರಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎದ್ದರು, ನಿಜ. ನನ್ನ ಅಜ್ಜಿಯ ಮನೆಯಲ್ಲಿ ರಾತ್ರಿ ಎಂಟಕ್ಕೆ ದೀಪ ಆರುತ್ತಿತ್ತು.

ನಿದ್ದೆಗೆಟ್ಟ ಮಕ್ಕಳೆಲ್ಲ ಮನೋರೋಗಿಗಳಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ನಮ್ಮ ಶಾಲೆಯ 164 ಮಕ್ಕಳಿಗೆ ಆ ಲೆಕ್ಕ ಹಾಕಿ ನೋಡಿದೆ: ಸುಮಾರು ಹನ್ನೆರಡು. ಒಂದು ದತ್ತು ಪಟ್ಟಿಯಷ್ಟು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ನಮ್ಮಲ್ಲಿಗೆ ಇನ್ನೂ ಯಾರೂ ಬಂದಿಲ್ಲ. ಬರುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಸೂಚನಾ ಫಲಕದಲ್ಲಿ ಬರೆಸಿದ್ದೇನೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ. ಪೋಷಕರು ಇದನ್ನು ಫೋನಿನಲ್ಲಿ ಉಳಿಸಿಕೊಳ್ಳಲಿ.

ಆ ಹುಡುಗ ವಾರಗಳ ಕಾಲ ಸಮಾಲೋಚನೆಗೆ ಹೋದ, ಪರೀಕ್ಷೆ ಬರೆದ, ಪಾಸಾದ. ಈಗ ಐಟಿಐ ಓದುತ್ತಿದ್ದಾನೆ. ಅವನ ಬಳಿ ನಾನು ಕ್ಷಮೆ ಕೇಳಿದ್ದೇನೆ.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಫಲಿತಾಂಶದ ಕ್ರಿಯಾಯೋಜನೆಯಿಂದ ಈ ಕರೆಯ ಸಾಲನ್ನು ತೆಗೆದುಹಾಕಿ, ಗುರುತು ಹಾಕಿದ ಹಾಳೆಯ ಫೋಟೊ ಕೇಳಬೇಡಿ. ಈ ವರ್ಷದ ದತ್ತು ಪಟ್ಟಿ ನನ್ನ ಕೈ ಸೇರಿದೆ; ಹತ್ತು ಮಕ್ಕಳಿದ್ದಾರೆ. ಬೆಳಗಿನ ಕರೆ ಮಾಡುವುದಿಲ್ಲ ಎಂದು ಮುಖ್ಯ ಶಿಕ್ಷಕರಿಗೆ ಬರೆದುಕೊಟ್ಟಿದ್ದೇನೆ. ಸಂಜೆ ಕೊನೆಯ ಅವಧಿ ಮುಗಿದ ಮೇಲೆ ಮುಕ್ಕಾಲು ಗಂಟೆ ಕೂರಿಸಿ ಹೇಳಿಕೊಟ್ಟು, ಐದೂಕಾಲರ ಬಸ್ಸಿಗೆ ಬಿಡುತ್ತೇನೆ.

— ಒಬ್ಬ ಗಣಿತ ಶಿಕ್ಷಕಿ, ಚನ್ನಗಿರಿ ತಾಲ್ಲೂಕು